ಅರಿವಳಿಕೆ ನೀಡುವ ನರ್ಸ್ ಆಗಲು ಅಮೆರಿಕದಲ್ಲಿ ಏನು ಓದಬೇಕು?

ಪ್ರಶ್ನೆ: ನನ್ನ ಮಗಳು ಅಮೆರಿಕದಲ್ಲಿ ನರ್ಸಿಂಗ್ ಪದವಿ ಮುಗಿಸಿ, ಅಲ್ಲಿಯೇ ಆಸ್ಪತ್ರೆಯೊಂದರ ಸಾಮಾನ್ಯ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದಾಳೆ. ಮುಂದೆ ನರ್ಸ್ ಅನೆಸ್ತೆಟಿಸ್ಟ್ ಆಗಬೇಕೆಂದಿದ್ದಾಳೆ. ಅದಕ್ಕೆ ಸ್ನಾತಕೋತ್ತರ ಪದವಿ ಸಾಕೆಂದು ಕೆಲವರೂ ಡಾಕ್ಟರೇಟ್ ಬೇಕೇ ಬೇಕೆಂದು ಕೆಲವರೂ ಹೇಳುತ್ತಾರೆ. ಯಾರ ಮಾತು ಸರಿ?

ಉತ್ತರ: ಸ್ನಾತಕೋತ್ತರ ಪದವಿ ಸಾಕೆಂಬುದು ಈಗ ಹಳೆಯ ಮಾತು. ಈ ಕೋರ್ಸುಗಳಿಗೆ ಮಾನ್ಯತೆ ನೀಡುವ ಮಂಡಳಿಯ ನಿಯಮದಂತೆ, 2022ರ ಜನವರಿ 1ರಿಂದ ಹೊಸದಾಗಿ ಸೇರುವವರೆಲ್ಲರೂ ಡಾಕ್ಟರೇಟ್ ಮಟ್ಟದ ಕೋರ್ಸಿಗೇ ಸೇರಬೇಕು. ಅದರ ಅವಧಿ ಕನಿಷ್ಠ 36 ತಿಂಗಳು. ಅದಕ್ಕೂ ಮೊದಲು ಸ್ನಾತಕೋತ್ತರ ಪದವಿ ಪಡೆದು ಕೆಲಸದಲ್ಲಿರುವವರಿಗೆ ಇದರಿಂದ ತೊಂದರೆಯಿಲ್ಲ. ಇಲ್ಲಿ ದೊರೆಯುವ, ನರ್ಸಿಂಗ್ ವೃತ್ತಿಯ ಇಲ್ಲವೇ ನರ್ಸ್ ಅರಿವಳಿಕೆ ವೃತ್ತಿಯ ಡಾಕ್ಟರೇಟ್ ಆದ ಡಿಎನ್‌ಪಿ ಅಥವಾ ಡಿಎನ್‌ಎಪಿ ಪದವಿಯು ಪಿಎಚ್.ಡಿ.ಯಂತೆ ಸಂಶೋಧನೆಗೆ ಮೀಸಲಾದದ್ದಲ್ಲ, ವೃತ್ತಿಗೆ ಸಂಬಂಧಿಸಿದ್ದು. ನನ್ನನ್ನು ಕೇಳಿದರೆ, ಹೆಸರಿನ ಮುಂದೆ ಸೇರುವ ‘ಡಾಕ್ಟರ್’ಗಿಂತ, ಪದವಿ ಮುಗಿಯುವ ಹೊತ್ತಿಗೆ ವಿದ್ಯಾರ್ಥಿಯು ಕನಿಷ್ಠ 2,000 ಗಂಟೆ ರೋಗಿಗಳ ಜೊತೆ ಕಳೆದು, ಕನಿಷ್ಠ 600 ಜನರಿಗೆ ಅರಿವಳಿಕೆ ನೀಡಿರಬೇಕೆಂಬ ನಿಯಮಕ್ಕೇ ಹೆಚ್ಚು ತೂಕ. ಅದರ ಬಳಿಕ ರಾಷ್ಟ್ರೀಯ ಪ್ರಮಾಣೀಕರಣ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗಷ್ಟೇ, ಪ್ರಮಾಣೀಕೃತ ನರ್ಸ್ ಅನೆಸ್ತೆಟಿಸ್ಟ್ ಎಂಬರ್ಥದ ‘ಸಿಆರ್‌ಎನ್‌ಎ’ ಎಂದು ಬರೆದುಕೊಳ್ಳುವ ಅರ್ಹತೆ.

ಪ್ರಶ್ನೆ: ಅರ್ಜಿ ಹಾಕುವ ಮೊದಲು ಐಸಿಯುನಲ್ಲಿ ಒಂದು ವರ್ಷ ಕೆಲಸ ಮಾಡಿರಬೇಕಂತೆ. ಅವಳಿಗೆ ವಾರ್ಡಿನ ಅನುಭವ ಸಾಕಷ್ಟಿದೆ. ಅದೇಕೆ ಸಾಲದು?

ಉತ್ತರ: ನರ್ಸಿಂಗ್ ಪರವಾನಗಿಯ ಜೊತೆಗೆ ತೀವ್ರ ನಿಗಾ ವಿಭಾಗದಲ್ಲಿ ಕನಿಷ್ಠ ಒಂದು ವರ್ಷದ ಪೂರ್ಣಾವಧಿ ಅನುಭವ ಕಡ್ಡಾಯ. ಇದೊಂದು ಒಣ ಷರತ್ತೆಂದು ತಿಳಿದವರು ಶಸ್ತ್ರಚಿಕಿತ್ಸಾ ಕೊಠಡಿಯ ಮೊದಲ ಕೆಲವು ನಿಮಿಷಗಳನ್ನು ಗಮನಿಸಬೇಕು. ರೋಗಿಯ ಮುಖಕ್ಕೆ ಮಾಸ್ಕ್ ಹಿಡಿದು ಶ್ವಾಸಕೋಶದ ತುಂಬ ಆಮ್ಲಜನಕ ತುಂಬಿಸಲಾಗುತ್ತದೆ. ಪ್ರೊಪೊಫಾಲ್ ಎಂಬ ಔಷಧ ರಕ್ತನಾಳಕ್ಕೆ ಇಳಿದೊಡನೆ ಪ್ರಜ್ಞೆ ತಪ್ಪುತ್ತದೆ, ರಕ್ತದೊತ್ತಡವೂ ಕುಸಿಯುತ್ತದೆ. ಸ್ನಾಯುಗಳನ್ನು ಸಡಿಲಿಸುವ ಔಷಧ ಕೊಟ್ಟ ಮೇಲೆ ಉಸಿರಾಟವೇ ನಿಲ್ಲುತ್ತದೆ. ಅಲ್ಲಿಂದಾಚೆಗೆ ರೋಗಿಯ ಉಸಿರು ಇನ್ನೊಬ್ಬರ ಕೈಯಲ್ಲಿ. ಗಂಟಲಿಗೆ ಇಳಿಸಿದ ಕೊಳವೆ ಶ್ವಾಸನಾಳದಲ್ಲಿದೆಯೋ, ತಪ್ಪಿ ಅನ್ನನಾಳಕ್ಕೆ ಹೋಗಿದೆಯೋ ಎಂಬುದನ್ನು ಪರದೆಯ ಮೇಲಿನ ಇಂಗಾಲದ ಡೈಆಕ್ಸೈಡ್ ಅಲೆಗಳು ಹೇಳುತ್ತವೆ. ಪ್ರತಿ ಉಸಿರಿಗೂ ಒಂದು ಅಲೆ ಏಳಬೇಕಾದಲ್ಲಿ ಗೆರೆ ಚಪ್ಪಟೆಯಾಗಿದ್ದರೆ, ರಕ್ತದಲ್ಲಿನ ಆಮ್ಲಜನಕದ ಅಂಕಿ ಇನ್ನೂ 99 ಎಂದು ತೋರಿಸುತ್ತಿದ್ದರೂ ನಂಬುವಂತಿಲ್ಲ, ಏಕೆಂದರೆ ಮೊದಲೇ ತುಂಬಿಸಿಟ್ಟ ಆಮ್ಲಜನಕ ಮುಗಿಯುವವರೆಗೆ ಆ ಅಂಕಿ ಇಳಿಯುವುದಿಲ್ಲ. ಇಳಿಯಲಾರಂಭಿಸಿದಾಗ ಉಪಕರಣದ ಬೀಪ್ ಸದ್ದಿನ ಶ್ರುತಿ ತಗ್ಗುತ್ತಾ ಹೋಗುತ್ತದೆ. ಅನುಭವಿಗಳು ಪರದೆಯತ್ತ ತಿರುಗದೆಯೇ ಅದನ್ನು ಕಿವಿಯಿಂದ ಹಿಡಿಯುತ್ತಾರೆ.

ವೆಂಟಿಲೇಟರ್ ಮೇಲಿರುವ, ನಾರ್‌ಎಪಿನೆಫ್ರಿನ್ ಎಂಬ ಔಷಧದ ಹನಿಯ ಬಲದಿಂದ ರಕ್ತದೊತ್ತಡ ನಿಂತಿರುವ ರೋಗಿಯನ್ನು ಪಾಳಿಯುದ್ದಕ್ಕೂ ನೋಡಿಕೊಂಡವರಿಗೆ ಇಂತಹ ಲಕ್ಷಣಗಳು ಹೊಸವಲ್ಲ. ವಾರ್ಡಿನ ಕೆಲಸ ಕಡಿಮೆ ದರ್ಜೆಯದೆಂದು ಇದರ ಅರ್ಥವಲ್ಲ. ಔಷಧದ ಪ್ರಮಾಣವನ್ನು ನಿಮಿಷ ನಿಮಿಷಕ್ಕೂ ಏರಿಸಿ ಇಳಿಸಿ, ಅದರ ಪರಿಣಾಮವನ್ನು ಅಲ್ಲಿಯೇ ಕಾಣುವ ಅವಕಾಶ ವಾರ್ಡಿನಲ್ಲಿ ಸಿಗುವುದು ಅಪರೂಪ. ನಿಮ್ಮ ಮಗಳು ಮೊದಲು ಐಸಿಯುಗೆ ವರ್ಗಾವಣೆ ಕೇಳಲಿ. ಒಂದು ವರ್ಷ ತುಂಬಿದ ಮರುದಿನವೇ ಅರ್ಜಿ ಹಾಕುವ ಆತುರವೂ ಬೇಡ, ಏಕೆಂದರೆ ಪೈಪೋಟಿ ಬಿರುಸಾಗಿದೆ, ಮತ್ತು ಸಂದರ್ಶನದಲ್ಲಿ ಹಲವೆಡೆ ಐಸಿಯು ರೋಗಿಗಳ ಕುರಿತೇ ಕೆದಕಿ ಕೇಳುತ್ತಾರೆ.

ಪ್ರಶ್ನೆ: ಓದುತ್ತಲೇ ಕೆಲಸ ಮಾಡಿ ಶುಲ್ಕ ಭರಿಸಬಹುದೇ?

ಉತ್ತರ: ಆ ಲೆಕ್ಕಾಚಾರವನ್ನು ಕೈಬಿಡುವುದೇ ಮೇಲು. ಬೆಳಗಿನ ಜಾವದಿಂದ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿದ್ದು ಸಂಜೆ ಮರುದಿನದ ರೋಗಿಗಳಿಗೆ ಸಿದ್ಧತೆ ಮಾಡಿಕೊಳ್ಳಬೇಕಾದವರಿಗೆ ನೌಕರಿಗೆ ಸಮಯ ಉಳಿಯುವುದಿಲ್ಲ. ಬಹಳಷ್ಟು ಕಾಲೇಜುಗಳು ಬೇಡವೆಂದೇ ಹೇಳುತ್ತವೆ. ಹೆಚ್ಚಿನವರು ಸಾಲ ಮಾಡುತ್ತಾರೆ. ಹೊಸದಾಗಿ ಸಾಲ ಪಡೆಯುವವರಿಗೆ 2026ರ ಜುಲೈ 1ರಿಂದ ಅಮೆರಿಕದ ಕೇಂದ್ರ ಸರ್ಕಾರ ಉನ್ನತ ಪದವಿ ವಿದ್ಯಾರ್ಥಿಗಳಿಗೆ ನೀಡುವ ‘ಗ್ರಾಡ್ ಪ್ಲಸ್’ ಸಾಲ ನಿಲ್ಲುವುದರಿಂದ, ಐಸಿಯು ಸಂಬಳದಲ್ಲಿ ಈಗಿನಿಂದಲೇ ಉಳಿಸುವುದು ಜಾಣತನ.

ಪ್ರಶ್ನೆ: ಇಷ್ಟೆಲ್ಲ ಓದಿದ ಮೇಲೂ ವೈದ್ಯರ ಮೇಲ್ವಿಚಾರಣೆಯಲ್ಲೇ ಇರಬೇಕೇ?

ಉತ್ತರ: ಅದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ನರ್ಸುಗಳು ಅರಿವಳಿಕೆ ಕೊಡುವುದು ಅಮೆರಿಕದಲ್ಲಿ ಹೊಸ ಸಂಗತಿಯೇನಲ್ಲ. ಹೆಸರಾಂತ ಶಸ್ತ್ರಚಿಕಿತ್ಸಕರಾದ ಮೇಯೋ ಸಹೋದರರ ಜೊತೆಗಿದ್ದ ಆಲಿಸ್ ಮ್ಯಾಗಾ ಎಂಬ ನರ್ಸ್, ಅರಿವಳಿಕೆಯಿಂದ ಒಂದೂ ಸಾವು ಸಂಭವಿಸದ 14,000ಕ್ಕೂ ಹೆಚ್ಚು ಪ್ರಕರಣಗಳ ವರದಿಯನ್ನು 1906ರಲ್ಲೇ ಪ್ರಕಟಿಸಿದ್ದರು. ನರ್ಸುಗಳು ಅರಿವಳಿಕೆ ಕೊಡುವುದು ಅಕ್ರಮವಾಗಿ ವೈದ್ಯವೃತ್ತಿ ನಡೆಸಿದಂತೆ ಎಂಬ ವಾದವನ್ನು ಕ್ಯಾಲಿಫೋರ್ನಿಯದ ಸರ್ವೋಚ್ಚ ನ್ಯಾಯಾಲಯ 1936ರಲ್ಲಿ ತಳ್ಳಿಹಾಕಿತು. ಹಿರಿಯರಿಗಾಗಿರುವ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ ಮೇಲ್ವಿಚಾರಣಾ ನಿಯಮದಿಂದ ಹೊರಗುಳಿಯಲು 2001ರಿಂದ ರಾಜ್ಯಪಾಲರಿಗೆ ಅವಕಾಶವಿದ್ದು, ಮೊದಲು ಹಾಗೆ ಮಾಡಿದ ರಾಜ್ಯ ಅಯೋವಾ. ಅರಿವಳಿಕೆ ತಜ್ಞ ವೈದ್ಯರ ಸಂಘಟನೆಗಳು ಇದನ್ನು ಇಂದಿಗೂ ವಿರೋಧಿಸುತ್ತಿವೆ. ಹೊರಗುಳಿದ ರಾಜ್ಯದಲ್ಲಿಯೂ ಆಸ್ಪತ್ರೆಯೊಂದು ತನ್ನದೇ ಕಟ್ಟುನಿಟ್ಟಿನ ನಿಯಮ ಇಟ್ಟುಕೊಂಡಿರಬಹುದಾದ್ದರಿಂದ, ಕೆಲಸಕ್ಕೆ ಒಪ್ಪುವ ಮುನ್ನ ಅದನ್ನು ಬರಹದಲ್ಲಿ ಕೇಳಿ ಪಡೆಯಬೇಕು.