ಘಾಟಿಯಲ್ಲಿ ಡಿಸಿಟಿ ಬಿಸಿಯಾದರೆ?

ಪ್ರಶ್ನೆ: ಸೆಕೆಂಡ್ ಹ್ಯಾಂಡ್‌ನಲ್ಲಿ 7 ಗೇರಿನ ಡ್ರೈ ಕ್ಲಚ್ ಡಿಸಿಟಿ (ಎರಡು ಕ್ಲಚ್ ಇರುವ ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಕಾರು ತಗೊಂಡಿದ್ದೇನೆ. ಉಡುಪಿಯಿಂದ ವಾಪಸ್ ಬರುವಾಗ ಆಗುಂಬೆ ಘಾಟಿಯಲ್ಲಿ ಗಾಡಿಗಳ ಸಾಲಿನಲ್ಲಿ ಸಿಕ್ಕಿಕೊಂಡೆ. ಕಾರು ನಡುಗಿತು, ಟ್ರಾನ್ಸ್‌ಮಿಷನ್ ಬಿಸಿಯಾಗಿದೆ ಅಂತ ಮೀಟರಿನಲ್ಲಿ ಎಚ್ಚರಿಕೆ ಬಂತು. ಮೆಕ್ಯಾನಿಕ್ ಗೇರ್ ಆಯಿಲ್ ಬದಲಿಸಿ ಅಂತಾರೆ. ಬದಲಿಸಲಾ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಸ್ವಲ್ಪ ತಡೆಯಿರಿ. ಡ್ರೈ ಅಂದಮೇಲೆ ನಿಮ್ಮ ಕ್ಲಚ್ ಆಯಿಲ್‌ನಲ್ಲಿ ಮುಳುಗಿರುವುದೇ ಇಲ್ಲ. ಒಳಗೆ ಎರಡು ಕ್ಲಚ್ ಇವೆ, ಒಂದು 1, 3, 5, 7ನೇ ಗೇರಿಗೆ, ಇನ್ನೊಂದು 2, 4, 6ಕ್ಕೆ. ಒಂದರಲ್ಲಿ ಕಾರು ಓಡುತ್ತಿರುವಾಗಲೇ ಮುಂದಿನ ಗೇರು ಇನ್ನೊಂದರಲ್ಲಿ ರೆಡಿ ಇರುತ್ತದೆ, ಅದಕ್ಕೇ ಗೇರ್ ಬದಲಾಗಿದ್ದು ಗೊತ್ತೇ ಆಗುವುದಿಲ್ಲ. ಆದರೆ ಏರಿನಲ್ಲಿ ಆಮೆಯಂತೆ ತೆವಳಿದರೆ ಒಂದನೇ ಗೇರಿನ ಕ್ಲಚ್ ಪೂರ್ತಿ ಕೂರುವುದಿಲ್ಲ, ಉಜ್ಜುತ್ತಲೇ ಇರುತ್ತದೆ. ಮ್ಯಾನುಯಲ್ ಕಾರಿನಲ್ಲಿ ಹಾಫ್ ಕ್ಲಚ್ ಹಿಡಿದು ನಿಂತರೆ ವಾಸನೆ ಬರುತ್ತಲ್ವಾ, ಇದೂ ಅದೇ ಕಥೆ, ಇಲ್ಲಿ ನಿಮ್ಮ ಕಾಲಿನ ಬದಲು ಕಂಪ್ಯೂಟರ್ ಒತ್ತುತ್ತದೆ ಅಷ್ಟೇ.

ಹಾಗಾಗಿ ಘಾಟಿಯಲ್ಲಿ ಮುಂದಿನ ಗಾಡಿ ಎರಡು ಅಡಿ ಸರಿದ ಕೂಡಲೇ ನೀವೂ ಸರಿಯಬೇಡಿ. ಬ್ರೇಕ್ ಗಟ್ಟಿಯಾಗಿ ಒತ್ತಿ ನಿಲ್ಲಿ, ಆಗ ಕ್ಲಚ್ ಬಿಟ್ಟಿರುತ್ತದೆ. ಒಂದೆರಡು ಕಾರಿನಷ್ಟು ಜಾಗ ಆದಮೇಲೆ ಒಂದೇ ಸಲ ಹೋಗಿ. ಹಿಂದಿನವನು ಹಾರ್ನ್ ಹೊಡೆದರೆ ಹೊಡೆಯಲಿ ಬಿಡಿ. ಆಕ್ಸಿಲರೇಟರ್ ತುಸು ಒತ್ತಿ ಕಾರನ್ನು ಏರಿನಲ್ಲಿ ನಿಲ್ಲಿಸಿಕೊಳ್ಳುವುದಂತೂ ಬೇಡವೇ ಬೇಡ, ಕ್ಲಚ್ ಸುಡುವುದೇ ಅಲ್ಲಿ. ಎಚ್ಚರಿಕೆ ಮತ್ತೆ ಬಂದರೆ ತಿರುವು ದಾಟಿ, ಜಾಗ ಇರುವ ಕಡೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು 'ಪಿ'ಗೆ ಹಾಕಿ. ಎಂಜಿನ್ ಆಫ್ ಮಾಡಬೇಕೋ ಬೇಡವೋ ಅನ್ನುವುದನ್ನು ನಿಮ್ಮ ಕಾರಿನ ಮ್ಯಾನುಯಲ್ ಪುಸ್ತಕದಲ್ಲೇ ನೋಡಿ. ಕೆಲವು ಕಾರುಗಳಲ್ಲಿ ಎಂಜಿನ್ ಓಡುತ್ತಿರುವಾಗಲೇ ತಣಿಯಲು ಬಿಡಿ ಅಂತ ಬರೆದಿರುತ್ತದೆ.

ಇಳಿಯುವಾಗ ಮ್ಯಾನುಯಲ್ ಮೋಡ್‌ನಲ್ಲಿ 2ನೇ ಗೇರು ಸಾಕು. ಪೆಟ್ರೋಲ್ ಉಳಿಯುತ್ತೆ ಅಂತ ನ್ಯೂಟ್ರಲ್‌ನಲ್ಲಿ ಬಿಡುವವರಿದ್ದಾರೆ, ಘಾಟಿಯಲ್ಲಿ ಅದು ಹುಚ್ಚಾಟ.

ಇನ್ನು ಆಯಿಲ್. ವೆಟ್ ಕ್ಲಚ್ ಆಗಿದ್ದರೆ ಮೆಕ್ಯಾನಿಕ್ ಮಾತಿನಲ್ಲಿ ಅರ್ಥವಿತ್ತು, ಅಲ್ಲಿ ಕ್ಲಚ್ಚನ್ನು ತಣಿಸುವುದೇ ಆಯಿಲ್, ಸವೆದ ಪುಡಿಯೂ ಅದರಲ್ಲೇ ಸೇರುತ್ತದೆ. ಫೋಕ್ಸ್‌ವ್ಯಾಗನ್‌ನ 6 ಗೇರಿನ ವೆಟ್ ಡಿಎಸ್‌ಜಿಗೆ (ಡಿಸಿಟಿಗೆ ಆ ಕಂಪನಿ ಇಟ್ಟ ಹೆಸರು) 60,000 ಕಿ.ಮೀ.ಗೊಮ್ಮೆ ಬದಲಿಸುವ ಲೆಕ್ಕ. ನಿಮ್ಮದರಲ್ಲೂ ಗೇರುಗಳಿಗೆ ಆಯಿಲ್ ಇದೆ, ಸೋರಿಕೆ ಇದೆಯಾ ನೋಡಿಸಿ, ಬದಲಿಸುವುದಾದರೆ ಕಂಪನಿ ಹೇಳಿದ ಗ್ರೇಡೇ ಹಾಕಿಸಿ. ನಡುಕಕ್ಕೆ ಮಾತ್ರ ಅದು ಮದ್ದಲ್ಲ. ಮೊದಲು ಸ್ಕ್ಯಾನರ್ ಹಾಕಿಸಿ ಎರರ್ ಕೋಡ್ ನೋಡಿಸಿ, ಸಾಫ್ಟ್‌ವೇರ್ ಅಪ್‌ಡೇಟ್ ಇದ್ದರೆ ಮಾಡಿಸಿ, ಕ್ಲಚ್ ಅಡಾಪ್ಟೇಶನ್ (ಕ್ಲಚ್ ಎಲ್ಲಿ ಹಿಡಿಯುತ್ತದೆ ಅಂತ ಕಂಪ್ಯೂಟರ್‌ಗೆ ಹೊಸದಾಗಿ ಕಲಿಸುವುದು) ಮಾಡಿಸಿ. ಆಮೇಲೂ ಸಮತಟ್ಟು ರಸ್ತೆಯಲ್ಲೇ ನಡುಗಿದರೆ ಕ್ಲಚ್ ಸೆಟ್ ಬಿಚ್ಚಿ ನೋಡಬೇಕಾಗುತ್ತದೆ. ಖರ್ಚು ಜಾಸ್ತಿಯೇ, ವಾರಂಟಿ ಬಾಕಿ ಇದೆಯಾ ಅಂತ ಹಳೆಯ ಮಾಲೀಕರನ್ನು ಈಗಲೇ ಕೇಳಿಟ್ಟುಕೊಳ್ಳಿ.