ಅಲ್ಜೀರಿಯಾದಲ್ಲಿ ಅರಬರು, ಬರ್ಬರರು ಎಲ್ಲೆಲ್ಲಿದ್ದಾರೆ ಎಂದು ನಕ್ಷೆಯಲ್ಲಿ ಹೇಗೆ ತೋರಿಸಲಿ?

ಕರಾವಳಿಗೆ ಅರಬರ ಬಣ್ಣ, ಮರುಭೂಮಿಗೆ ಉತ್ತರ ಆಫ್ರಿಕಾದ ಮೂಲನಿವಾಸಿಗಳಾದ ಬರ್ಬರರ ಬಣ್ಣ ಹಚ್ಚಿದರೆ ಸೆಮಿನಾರಿಗೆ ಸಾಕಾ ಎಂದು ಕೇಳಿದ್ದೀರಿ. ಸಾಲದು. ದಯವಿಟ್ಟು ಬಣ್ಣವನ್ನೇ ತುಂಬಬೇಡಿ. ಎಂ.ಎ. ಭೂಗೋಳದ ಪ್ರಬಂಧಕ್ಕೆ ನಾನೂ ಇದೇ ದೇಶ ಹಿಡಿದಿದ್ದೆ.

ಪ್ರಾಂತ್ಯಗಳ ಗಡಿಯಿದ್ದ ನಕ್ಷೆ ತೆಗೆದುಕೊಂಡು ಒಂದೊಂದಕ್ಕೂ ಒಂದೊಂದು ಬಣ್ಣ ಕೊಟ್ಟೆ. ತಿಝಿ ಉಝು, ಬೆಜಾಯಾ ಕಬೈಲರಿಗೆ, ಔರೆಸ್ ಬೆಟ್ಟಸಾಲಿನ ಬಾತ್ನಾ, ಖೆಂಶೆಲಾ ಶಾವಿಯರಿಗೆ, ಘರ್ದಾಯಾ ಮೊಝಾಬಿಗಳಿಗೆ, ತಮನ್ರಾಸೆಟ್, ಇಲ್ಲಿಝಿ ತುವಾರೆಗರಿಗೆ, ಹೀಗೆ ಬರ್ಬರರ ನಾಲ್ಕು ಗುಂಪುಗಳಿಗೆ ಕೊಟ್ಟು, ಮಿಕ್ಕಿದ್ದೆಲ್ಲ ಅರಬರಿಗೆ. ಹೆಸರುಗಳು ಸರಿಯಾಗಿಯೇ ಇದ್ದವು. ಆದರೆ ಅಲ್ಜೀರಿಯಾದ ನೆಲದ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಸಹಾರಾ, ಜನರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಇರುವುದು ಉತ್ತರದ ಪಟ್ಟಿಯಲ್ಲಿ. ಹೀಗಾಗಿ ಸಂಖ್ಯೆಯಲ್ಲಿ ತೀರಾ ಕಡಿಮೆಯಿರುವ ತುವಾರೆಗರು ನನ್ನ ನಕ್ಷೆಯಲ್ಲಿ ದೇಶದ ಮೂರನೇ ಒಂದು ಭಾಗ ಆವರಿಸಿಬಿಟ್ಟರು. ಬರ್ಬರ್ ಭಾಷಿಕರಲ್ಲೇ ಅತಿ ದೊಡ್ಡ ಗುಂಪಾದ ಕಬೈಲರಿಗೆ ಸಿಕ್ಕಿದ್ದು ಉಗುರಿನಷ್ಟು ಜಾಗ. ಪರೀಕ್ಷಕರು ಅಲ್ಜಿಯರ್ಸ್ ಮೇಲೆ ಬೆರಳಿಟ್ಟು, "ಇಲ್ಲಿ ಕಬೈಲರು ಒಬ್ಬರೂ ಇಲ್ಲವೇನ್ರೀ?" ಎಂದರು. ರಾಜಧಾನಿಯಲ್ಲಿ ಅವರು ತಲೆಮಾರುಗಳಿಂದ ದೊಡ್ಡ ಸಂಖ್ಯೆಯಲ್ಲಿ ನೆಲೆಸಿದ್ದಾರೆ. ಮೊಝಾಬಿ ವ್ಯಾಪಾರಿಗಳ ಅಂಗಡಿಗಳೂ ಉತ್ತರದ ನಗರಗಳಲ್ಲೆಲ್ಲ ಇವೆ. ಒಂದು ಪ್ರಾಂತ್ಯಕ್ಕೆ ಒಂದೇ ಬಣ್ಣ ತುಂಬಿದರೆ ಇವರೆಲ್ಲ ಅಳಿಸಿಹೋಗುತ್ತಾರೆ. ಪ್ರಬಂಧ ವಾಪಸ್ ಬಂತು, ಪದವಿ ಮುಂದಿನ ವರ್ಷಕ್ಕೆ ಹೋಯಿತು, ಆ ಸಲದ ಪಿಎಚ್‌ಡಿ ಪ್ರವೇಶವೂ ತಪ್ಪಿತು.

ಇನ್ನು ನಿಮ್ಮ ಪ್ರಶ್ನೆಯ ಬುಡದಲ್ಲೇ ಒಂದು ತೊಡಕಿದೆ. ಅರಬರು, ಬರ್ಬರರು ಎಂದು ಅಲ್ಲಿ ಎರಡು ಬೇರೆ ಬೇರೆ ಮೂಲದ ಜನ ಎದುರುಬದುರು ನಿಂತಿಲ್ಲ. ಇವತ್ತು ಅರಬ್ಬಿ ಮಾತಾಡುವ ಬಹುಪಾಲು ಅಲ್ಜೀರಿಯನ್ನರ ಪೂರ್ವಿಕರೂ ಬರ್ಬರರೇ. 7ನೇ ಶತಮಾನದಲ್ಲಿ ಅರಬರು ಬಂದ ಮೇಲೆ ಪಟ್ಟಣಗಳಲ್ಲಿ, 11ನೇ ಶತಮಾನದಲ್ಲಿ ಬನೂ ಹಿಲಾಲ್ ಅಲೆಮಾರಿಗಳು ಬಂದ ಮೇಲೆ ಬಯಲಿನಲ್ಲಿ, ಮಾತು ಮೆಲ್ಲಗೆ ಅರಬ್ಬಿಗೆ ತಿರುಗಿತು. ಜುರ್ಜುರಾ, ಔರೆಸ್‌ನಂಥ ಬೆಟ್ಟಗಳಲ್ಲಿ ಹಳೆಯ ಭಾಷೆ ಉಳಿಯಿತು.

ಆದ್ದರಿಂದ ಜನಾಂಗದ ನಕ್ಷೆ ಬಿಡಿ, ಭಾಷೆಯ ನಕ್ಷೆ ಮಾಡಿ. ಬೆಟ್ಟಗಳ ಎತ್ತರ ತೋರಿಸಿ, ಅದರ ಮೇಲೆ ಜನವಸತಿ ಇರುವಲ್ಲಿ ಮಾತ್ರ ಆಯಾ ಭಾಷೆಯ ಬಣ್ಣದ ಚುಕ್ಕೆ ಇಡಿ. ಇಂದಿನ ಜನಗಣತಿಯಲ್ಲಿ ಜನಾಂಗ ಕೇಳುವುದಿಲ್ಲ, ಆದ್ದರಿಂದ ಅಂತರ್ಜಾಲದಲ್ಲಿ ಸಿಗುವ ಶೇಕಡಾವಾರುಗಳನ್ನು ಅಂದಾಜು ಎಂದೇ ಬರೆಯಿರಿ. ಬರ್ಬರರ ಭಾಷೆಯಾದ ತಮಝಿಗ್ತ್‌ಗೆ 2002ರಲ್ಲಿ ರಾಷ್ಟ್ರಭಾಷೆಯ, 2016ರಲ್ಲಿ ಅಧಿಕೃತ ಭಾಷೆಯ ಸ್ಥಾನ ಸಿಕ್ಕಿದ್ದನ್ನು ಅಡಿಯಲ್ಲಿ ಸೇರಿಸಿದರೆ ಸಾಕು.

ಘರ್ದಾಯಾಕ್ಕೆ ಮಾತ್ರ ಮೂಲೆಯಲ್ಲಿ ಒಂದು ಬಿಡಿ ನಕ್ಷೆ ಕೊಡಲೇಬೇಕು. ಒಂದೇ ಕಣಿವೆಯಲ್ಲಿ ಇಸ್ಲಾಮಿನ ಇಬಾದಿ ಪಂಥದ ಮೊಝಾಬಿಗಳ ಐದು ಕೋಟೆ ಊರುಗಳಿವೆ, ಅಲ್ಲೇ ಅರಬ್ಬಿ ಮಾತಾಡುವ ಶಾಂಬಾ ಜನರೂ ಇದ್ದಾರೆ. ಪ್ರಾಂತ್ಯದ ಅಳತೆಯಲ್ಲಿ ಬರೆದ ಯಾವ ನಕ್ಷೆಯಲ್ಲೂ ಈ ನೆರೆಹೊರೆ ಕಾಣುವುದಿಲ್ಲ.