ಗಾಂಜಾ ಅಂಗಡಿಗೆ ದಂಡ ಹಾಕುವಾಗ ಅದರ ಹಳೆಯ ತಪ್ಪುಗಳನ್ನು ಎಷ್ಟರ ಮಟ್ಟಿಗೆ ಎಣಿಸಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಗಾಂಜಾ ಮಾರಾಟ ಕಾನೂನುಬದ್ಧವಾಗಿರುವ ಅಮೆರಿಕದ ಕೊಲರಾಡೋದಲ್ಲಿ ನೀವಿರುವ ಊರಿನ ಸಿಟಿ ಕೌನ್ಸಿಲ್ ಗಾಂಜಾ ಅಂಗಡಿಗಳಿಗೆ ದಂಡದ ನಿಯಮ ಬರೆಯುತ್ತಿದೆ, ಊರವರ ಅಭಿಪ್ರಾಯ ಕೇಳಿದೆ. ನಿಮ್ಮ ಮನೆ ಹತ್ತಿರದ ಅಂಗಡಿಯೊಂದು ಹಿಂದೊಮ್ಮೆ ಸಿಕ್ಕಿಬಿದ್ದಿತ್ತು. ಆ ಹಳೆಯದನ್ನು ಮುಂದೆ ಲೆಕ್ಕಕ್ಕೆ ಹಿಡಿಯಬೇಕೇ, ಹಿಡಿದರೆ ಎಷ್ಟು ವರ್ಷ? ಇನ್ನೂ ಗ್ರೀನ್ ಕಾರ್ಡ್‌ನಲ್ಲಿರುವ ನೀವು ಸಭೆಯಲ್ಲಿ ಮಾತಾಡಿದರೆ ತೊಂದರೆಯೇ? ಮಕ್ಕಳು ಹೈಸ್ಕೂಲಿನಲ್ಲಿದ್ದಾರೆ ಎಂದೂ ಬರೆದಿದ್ದೀರಿ.

ನಾನಿರುವುದು ಡೆನ್ವರ್ ಪಕ್ಕದಲ್ಲಿ. ಸಣ್ಣ ವ್ಯಾಪಾರಗಳ ಲೆಕ್ಕಪತ್ರ, ಲೈಸೆನ್ಸ್ ನವೀಕರಣದ ಕಾಗದಪತ್ರ ನೋಡಿಕೊಳ್ಳುತ್ತೇನೆ. ಗಾಂಜಾ ಅಂಗಡಿಗಳೂ ಅದರಲ್ಲಿವೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹಳೆಯ ತಪ್ಪು ಲೆಕ್ಕಕ್ಕೆ ಬರಬೇಕು, ಆದರೆ ಅದೇ ತರದ ತಪ್ಪು ಮತ್ತೆ ನಡೆದಾಗ. ಇವತ್ತು ಕ್ಯಾಮೆರಾ ಕೆಟ್ಟಿತ್ತು, ಕಳೆದ ವರ್ಷ ಲೇಬಲ್ ತಪ್ಪಿತ್ತು, ಅದಕ್ಕೂ ಮುಂಚೆ ರಿಜಿಸ್ಟರ್‌ನಲ್ಲಿ ಸಹಿ ಬಿಟ್ಟುಹೋಗಿತ್ತು ಎಂದು ಸಂಬಂಧವಿಲ್ಲದ್ದನ್ನೆಲ್ಲ ಕೂಡಿಸಿ ಅಂಗಡಿ ಮುಚ್ಚಿಸುವುದು ಅನ್ಯಾಯ. ಅದೇ ಅಂಗಡಿಯವರು 21 ತುಂಬದವರಿಗೆ ಎರಡನೇ ಸಲ ಮಾರಿ ಸಿಕ್ಕಿಬಿದ್ದರೆ ಲೈಸೆನ್ಸ್ ರದ್ದು ಮಾಡಿ ಎನ್ನಲು ನಾನು ಹಿಂದೆಮುಂದೆ ನೋಡುವುದಿಲ್ಲ.

ಯಾಕೆ ಇಷ್ಟು ವ್ಯತ್ಯಾಸ ಮಾಡುತ್ತೇನೆ ಎಂದು ತಿಳಿಯಬೇಕಾದರೆ ಅಂಗಡಿಯ ಹಿಂದಿನ ಕೋಣೆ ನೋಡಬೇಕು. ಇಲ್ಲಿ ಪ್ರತಿ ಗಿಡಕ್ಕೂ ಪ್ರತಿ ಪ್ಯಾಕೇಜಿಗೂ ಗುರುತಿನ ಟ್ಯಾಗ್ ಇರುತ್ತದೆ, ಅದರ ತೂಕ ರಾಜ್ಯದ ಟ್ರ್ಯಾಕಿಂಗ್ ವ್ಯವಸ್ಥೆಯಲ್ಲಿ ದಾಖಲಾಗಿರುತ್ತದೆ. ಸ್ಟಾಕ್ ಲೆಕ್ಕ ಹಾಕುವ ದಿನ ಇಬ್ಬರು ಕೂತು ಒಂದೊಂದೇ ಜಾಡಿಯನ್ನು ತಕ್ಕಡಿಯ ಮೇಲಿಟ್ಟು ಕಂಪ್ಯೂಟರಿನ ಅಂಕಿಗೆ ತಾಳೆ ನೋಡುತ್ತಾರೆ. ಗಾಂಜಾ ಹೂವು ದಿನ ಹೋದಂತೆ ಒಣಗುತ್ತದೆ. ಕೊಲರಾಡೋದ ಗಾಳಿಯಂತೂ ಮೊದಲೇ ಒಣ. ಹಾಗಾಗಿ ಯಾರೂ ಕದಿಯದಿದ್ದರೂ ಜಾಡಿಯಲ್ಲಿ ಕೆಲವು ಗ್ರಾಂ ಕಡಿಮೆ ಬರುತ್ತದೆ. ಕಾರಣ ಬರೆದು ಅಂಕಿ ತಿದ್ದಬೇಕು. ಅವಸರದಲ್ಲಿ ಒಂದು ಜಾಡಿಗೆ ಅದು ಬಿಟ್ಟುಹೋಯಿತೆಂದರೆ ಉಲ್ಲಂಘನೆ. ಕ್ಯಾಮೆರಾ ರೆಕಾರ್ಡಿಂಗ್ 40 ದಿನ ಇಟ್ಟಿರಬೇಕು; ಹಾರ್ಡ್ ಡಿಸ್ಕ್ ಕೆಟ್ಟು ನಡುವೆ ಮೂರು ದಿನ ಹೋಗಿದ್ದರೆ ಅದೂ ಉಲ್ಲಂಘನೆ. ಇವು ಸಣ್ಣವೆಂದು ಬಿಟ್ಟುಬಿಡಿ ಎನ್ನುತ್ತಿಲ್ಲ. ಕಾಳಸಂತೆಗೆ ಮಾಲು ಸಾಗಿಸುವವನು ಬಚ್ಚಿಟ್ಟುಕೊಳ್ಳುವುದೂ ಇಂಥ ಗ್ರಾಂಗಳ ಸಂದಿಯಲ್ಲೇ. ಅದಕ್ಕೇ ಒಂದೇ ಅಂಗಡಿಯಲ್ಲಿ ಅದೇ ತೂಕದ ವ್ಯತ್ಯಾಸ ಮತ್ತೆಮತ್ತೆ ಬಂದರೆ ಆ ಇತಿಹಾಸಕ್ಕೆ ಬೆಲೆ ಇದೆ. ಒಮ್ಮೆ ತೂಕ, ಒಮ್ಮೆ ಕ್ಯಾಮೆರಾ ಎಂದು ಬಂದರೆ ಇದು ಗಡಿಬಿಡಿಯ ಅಂಗಡಿ ಎಂದಷ್ಟೇ ಗೊತ್ತಾಗುತ್ತದೆ.

ಎಲ್ಲವನ್ನೂ ಒಂದೇ ಪಟ್ಟಿಗೆ ಸೇರಿಸಿದರೆ ಏನಾಗುತ್ತದೆ ಎಂಬುದಕ್ಕೆ ವಾಷಿಂಗ್ಟನ್ ರಾಜ್ಯವನ್ನು ನೋಡಿ. 2012ರಲ್ಲಿ ಕೊಲರಾಡೋ ಜೊತೆಗೇ ಅಲ್ಲಿಯೂ ಮತದಾರರು ಗಾಂಜಾವನ್ನು ಕಾನೂನುಬದ್ಧ ಮಾಡಿದರು, 2014ರ ಜುಲೈನಲ್ಲಿ ಅಂಗಡಿಗಳು ತೆರೆದವು. ಅಲ್ಲಿನ ಮೊದಲಿನ ನಿಯಮದಲ್ಲಿ ಮೂರು ವರ್ಷದೊಳಗೆ ನಾಲ್ಕು ಉಲ್ಲಂಘನೆಯಾದರೆ ಲೈಸೆನ್ಸ್ ಹೋಗುವ ಪರಿಸ್ಥಿತಿ ಇತ್ತು. ಬೆಳೆಗಾರರು, ಅಂಗಡಿಯವರು ಶಾಸಕರ ಬಾಗಿಲು ತಟ್ಟಿದರು. 2019ರಲ್ಲಿ ಶಾಸನಸಭೆ ಕಾನೂನು ಬದಲಿಸಿತು. ಈಗ ಸಾಮಾನ್ಯವಾಗಿ ಎರಡು ವರ್ಷಕ್ಕಿಂತ ಹಳೆಯ ಉಲ್ಲಂಘನೆಯನ್ನು ಆಧಾರ ಮಾಡಿಕೊಂಡು ಲೈಸೆನ್ಸ್ ಅಮಾನತು ಮಾಡುವ, ರದ್ದು ಮಾಡುವ ಹಾಗಿಲ್ಲ. ಆದರೆ ಆ ಹಳೆಯ ತಪ್ಪು ಬೇಕೆಂದೇ ಮಾಡಿದ್ದು, ಅಥವಾ ತೀರಾ ಬೇಜವಾಬ್ದಾರಿಯಿಂದ ಆದದ್ದು, ಅದರಿಂದ ಮಾಲು ಅಕ್ರಮ ಮಾರುಕಟ್ಟೆಗೋ ಅಪ್ರಾಪ್ತರ ಕೈಗೋ ಹೋಗಿದೆ ಎಂದು ಲೈಸೆನ್ಸ್ ಕೊಡುವ ರಾಜ್ಯದ ಮಂಡಳಿ ಸಾಬೀತು ಮಾಡಿದರೆ ಎರಡು ವರ್ಷದ ಆಚೆಗೂ ಕೈ ಚಾಚಬಹುದು. ಸಾಬೀತು ಮಾಡುವ ಭಾರ ಮಂಡಳಿಯದು. ನಿಮ್ಮ ಊರಿನ ನಿಯಮಕ್ಕೆ ನಾನು ಸೂಚಿಸುವ ಚೌಕಟ್ಟು ಹೆಚ್ಚುಕಡಿಮೆ ಇದೇ. ಸಾಮಾನ್ಯ ತಪ್ಪಿಗೆ ಎರಡು ವರ್ಷ ಸಾಕು. ಎರಡು ವರ್ಷ ಒಂದೂ ದೂರಿಲ್ಲದೆ ವ್ಯಾಪಾರ ಮಾಡಿದವರು ಆ ವಿಷಯದಲ್ಲಿ ಸರಿಹೋಗಿದ್ದಾರೆ ಎಂದೇ ತಿಳಿಯಬೇಕು. ಅಪ್ರಾಪ್ತರಿಗೆ ಮಾರಾಟ, ಅಕ್ರಮ ಸಾಗಾಟ, ಅಧಿಕಾರಿಗಳಿಂದ ದಾಖಲೆ ಮುಚ್ಚಿಡುವುದು, ಈ ಮೂರಕ್ಕೆ ಐದು ವರ್ಷವಾದರೂ ನೆನಪು ಇರಲಿ.

ಎರಡು ವರ್ಷ ಎಂದ ಕೂಡಲೇ ಯಾವ ದಿನದಿಂದ ಎಂಬ ಪ್ರಶ್ನೆ ಬರುತ್ತದೆ. ಕರಡಿನಲ್ಲಿ ಇದು ಸ್ಪಷ್ಟವಾಗಿಲ್ಲದಿದ್ದರೆ ದಯವಿಟ್ಟು ಎತ್ತಿ ಹೇಳಿ. ತಪ್ಪು ನಡೆದ ದಿನದಿಂದ ತಪ್ಪು ನಡೆದ ದಿನಕ್ಕೆ ಎಣಿಸಬೇಕು. ತೀರ್ಪು ಬಂದ ದಿನದಿಂದ ಎಣಿಸಿದರೆ ವಿಚಾರಣೆ ಎಳೆದಷ್ಟೂ ಲೆಕ್ಕ ಏರುಪೇರಾಗುತ್ತದೆ, ಒಳ್ಳೆಯ ವಕೀಲರಿರುವ ದೊಡ್ಡ ಕಂಪನಿಗೆ ಅದರಿಂದ ಲಾಭ.

ಇನ್ನೊಂದು ಮುಖ್ಯ ವಿಷಯ, ಎಣಿಸಬೇಕಾದದ್ದು ಸಾಬೀತಾದ ತಪ್ಪನ್ನು. ಕೊಲರಾಡೋ ರಾಜ್ಯದ ನಿಯಮದಲ್ಲಿ ದಂಡ ನಿರ್ಧರಿಸುವಾಗ ನೋಡಬೇಕಾದ ಅಂಶಗಳ ಪಟ್ಟಿಯೇ ಇದೆ. ಲೈಸೆನ್ಸುದಾರ ತಾನೇ ಒಪ್ಪಿಕೊಂಡ ಅಥವಾ ವಿಚಾರಣೆಯಲ್ಲಿ ರುಜುವಾತಾದ ಹಿಂದಿನ ಉಲ್ಲಂಘನೆ, ಬೇಕೆಂದೇ ಮಾಡಿದ್ದೇ, ಮಾಲೀಕರೇ ಮಾಡಿದ್ದೇ ಅಥವಾ ನೌಕರರೇ, ತಪ್ಪು ತಡೆಯಲು ತರಬೇತಿ ಕೊಟ್ಟಿದ್ದರೇ, ಆಮೇಲೆ ಏನು ಸರಿಪಡಿಸಿದರು, ಹೀಗೆ. 'ಒಪ್ಪಿಕೊಂಡ ಅಥವಾ ರುಜುವಾತಾದ' ಎಂಬ ಷರತ್ತು ನಿಮ್ಮ ಊರಿನ ನಿಯಮದಲ್ಲೂ ಬರಲೇಬೇಕು. ಇಲ್ಲದಿದ್ದರೆ ಪಕ್ಕದ ಮನೆಯವರು ವಾಸನೆ ಎಂದು ಹತ್ತು ಸಲ ಫೋನ್ ಮಾಡಿದ್ದೂ ಅಂಗಡಿಯ 'ಇತಿಹಾಸ' ಆಗಿಬಿಡುತ್ತದೆ. ದೂರು ಬಂದರೆ ಶೋಕಾಸ್ ನೋಟಿಸ್ ಕೊಡಲಿ, ಹೇರಿಂಗ್ ನಡೆಸಲಿ, ಆದೇಶ ಬರೆಯಲಿ. ಆ ಆದೇಶ ಮಾತ್ರ ಕಡತದಲ್ಲಿ ಉಳಿಯಲಿ.

ಹಾಗಾದರೆ ಹಿಂದೆ ಒಂದೂ ಆದೇಶವಿಲ್ಲದ ಕಂಪನಿಗೆ ಮೊದಲ ಸಲವೇ ದೊಡ್ಡ ಶಿಕ್ಷೆ ಕೊಡಬಾರದೇ? ಕೊಡಬಹುದು. ಡೆನ್ವರ್‌ನ ಸ್ವೀಟ್ ಲೀಫ್ ಎಂಬ ಗಾಂಜಾ ಅಂಗಡಿಗಳ ಕಂಪನಿಯ ಪ್ರಕರಣ ಇಲ್ಲಿ ಎಲ್ಲರಿಗೂ ಗೊತ್ತು. ಆಗಿನ ನಿಯಮದಂತೆ ಒಬ್ಬ ಗ್ರಾಹಕನಿಗೆ ಒಂದು ವ್ಯವಹಾರದಲ್ಲಿ ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ, ಮಾತ್ರ ಮಾರಬಹುದಿತ್ತು. ಅವರ ಅಂಗಡಿಗಳಲ್ಲಿ ಅದೇ ಗ್ರಾಹಕ ಹೊರಗೆ ಹೋಗಿ ಮಾಲನ್ನು ಕಾರಿನಲ್ಲಿಟ್ಟು ಮತ್ತೆ ಬಂದು ಮತ್ತೊಂದು ಔನ್ಸ್ ಕೊಳ್ಳುತ್ತಿದ್ದ, ದಿನಕ್ಕೆ ಹಲವು ಸಲ. ಇದಕ್ಕೆ ಇಲ್ಲಿನವರು 'ಲೂಪಿಂಗ್' ಎನ್ನುತ್ತಾರೆ. ಕಾನೂನಿನಲ್ಲಿ 'ಒಂದು ವ್ಯವಹಾರಕ್ಕೆ' ಎಂದಿದೆಯೇ ಹೊರತು 'ಒಂದು ದಿನಕ್ಕೆ' ಎಂದಿಲ್ಲ ಎಂಬುದು ಕಂಪನಿಯ ವಾದವಾಗಿತ್ತು. 2017ರ ಡಿಸೆಂಬರ್‌ನಲ್ಲಿ ಪೊಲೀಸ್ ದಾಳಿಯಾಯಿತು, 2018ರ ಜುಲೈನಲ್ಲಿ ನಗರದ ಲೈಸೆನ್ಸ್ ಇಲಾಖೆ ಅವರ 26 ಲೈಸೆನ್ಸುಗಳನ್ನೂ ರದ್ದು ಮಾಡಿತು. ಮರುವರ್ಷ ಮೂವರು ಮಾಲೀಕರಿಗೆ ಜೈಲು ಶಿಕ್ಷೆಯಾಯಿತು. ನನ್ನ ದೃಷ್ಟಿಯಲ್ಲಿ ಆ ತೀರ್ಮಾನ ಸರಿ, ಯಾಕೆಂದರೆ ಅದು ಒಂದು ದಿನದ ಕೈತಪ್ಪಾಗಿರಲಿಲ್ಲ, ವ್ಯಾಪಾರದ ರೀತಿಯೇ ಹಾಗಿತ್ತು. ಇಂಥದ್ದಕ್ಕೆ 'ಎಷ್ಟನೇ ಸಲ' ಎಂಬ ಪಟ್ಟಿ ನೋಡುವ ಅಗತ್ಯವೇ ಇಲ್ಲ, ಮೊದಲ ಸಲಕ್ಕೇ ರದ್ದು ಮಾಡುವ ಅಧಿಕಾರ ನಿಯಮದಲ್ಲಿ ಇರಬೇಕು. ಹಾಗೆಯೇ ಒಬ್ಬರೇ ಮಾಲೀಕರ ಐದು ಅಂಗಡಿಗಳಿದ್ದರೆ ಒಂದು ಅಂಗಡಿಯ ತಪ್ಪನ್ನು ಉಳಿದ ನಾಲ್ಕರ ಮೇಲೆ ಹಾಕಬೇಕೇ ಎಂಬುದಕ್ಕೂ ಇದರಲ್ಲೇ ಉತ್ತರವಿದೆ. ಆದೇಶ ಮೇಲಿನಿಂದ ಬಂದಿದ್ದರೆ ಎಲ್ಲದರ ಮೇಲೂ ಹಾಕಿ. ಒಂದು ಕೌಂಟರಿನ ಹುಡುಗ ಐಡಿ ನೋಡದೆ ಕೊಟ್ಟಿದ್ದರೆ ಆ ಅಂಗಡಿಗೆ ಸೀಮಿತ ಮಾಡಿ.

ಇದರ ಬೆನ್ನಿಗೇ ಹೆಸರು ಬದಲಿಸುವ ಆಟವೂ ಇದೆ. ಶಿಕ್ಷೆ ಹತ್ತಿರ ಬಂದಾಗ ಲೈಸೆನ್ಸನ್ನು ತಮ್ಮನ ಹೆಸರಿಗೋ ಹೊಸ ಕಂಪನಿಗೋ ವರ್ಗಾಯಿಸಿ 'ಇದು ಹೊಸ ಮಾಲೀಕರ ಅಂಗಡಿ, ಹಳೆಯ ದಾಖಲೆ ನಮಗೆ ಬೇಡ' ಎನ್ನುವುದು. ಬೆಂಗಳೂರಿನಲ್ಲಿ ಬಾರ್ ಲೈಸೆನ್ಸ್ ಒಬ್ಬರ ಹೆಸರಲ್ಲಿದ್ದು ಇನ್ನೊಬ್ಬರು ನಡೆಸುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಿಜವಾಗಿ ಕೈ ಬದಲಾದರೆ ಹೊಸಬರು ಶುದ್ಧ ಪಾಟಿಯಿಂದ ಶುರು ಮಾಡಲಿ. ವಿಚಾರಣೆ ಬಾಕಿ ಇರುವಾಗ ವರ್ಗಾವಣೆ ಬೇಡ, ಮತ್ತು ಹಳೆಯ ಮಾಲೀಕರ ದಾಖಲೆ ಅವರ ಜೊತೆಗೇ ಹೋಗಲಿ, ಅವರು ಮುಂದೆ ಯಾವ ಹೆಸರಿನಲ್ಲಿ ಅರ್ಜಿ ಹಾಕಿದರೂ ಎದುರಿಗೆ ಬರಲಿ.

ಕಾನೂನುಬದ್ಧವಾಗುವ ಮುಂಚಿನ ಗಾಂಜಾ ಕೇಸುಗಳನ್ನು ಇದರ ಜೊತೆ ಬೆರೆಸಬೇಡಿ ಎಂದು ವಿಶೇಷವಾಗಿ ಕೇಳಿಕೊಳ್ಳುತ್ತೇನೆ. ಸಭೆಗಳಲ್ಲಿ ಯಾರಾದರೊಬ್ಬರು ಎದ್ದು 'ಇವನ ಮೇಲೆ ಹಿಂದೆ ಡ್ರಗ್ ಕೇಸಿತ್ತು' ಎನ್ನುತ್ತಾರೆ. ಕ್ಯಾಲಿಫೋರ್ನಿಯಾದ ಓಕ್ಲೆಂಡ್ ನಗರ 2017ರಲ್ಲಿ ಇದನ್ನು ಪೂರ್ತಿ ತಿರುಗಿಸಿ ನೋಡಿತು. 1996ರ ನವೆಂಬರ್ 5ರ ನಂತರ ಓಕ್ಲೆಂಡ್‌ನಲ್ಲಿ ಗಾಂಜಾ ಅಪರಾಧಕ್ಕೆ ಶಿಕ್ಷೆಯಾದ, ಕಡಿಮೆ ಆದಾಯದ ನಿವಾಸಿಗೆ ಅಲ್ಲಿ ಪರ್ಮಿಟ್‌ನಲ್ಲಿ ಆದ್ಯತೆ. ಅತಿ ಹೆಚ್ಚು ಪೊಲೀಸ್ ಕಾಟ ಅನುಭವಿಸಿದ ಬಡಾವಣೆಗಳಲ್ಲಿ ಬಹುಕಾಲ ಬದುಕಿದವರಿಗೂ ಅದು ಸಿಗುತ್ತದೆ. ಅದೇ ಎಲೆಯನ್ನು ಬೀದಿಯಲ್ಲಿ ಮಾರಿ ಜೈಲಿಗೆ ಹೋದವರು ಹೆಚ್ಚಾಗಿ ಕಪ್ಪು ಜನ, ಅದು ಕಾನೂನುಬದ್ಧವಾದ ಮೇಲೆ ಹಣ ಮಾಡುತ್ತಿರುವವರು ಬೇರೆ ಜನ. ಈ ಅನ್ಯಾಯ ನನ್ನನ್ನು ತುಂಬಾ ಕಾಡುತ್ತದೆ. ನಿಮ್ಮ ಊರು ಓಕ್ಲೆಂಡ್‌ನಷ್ಟು ದೂರ ಹೋಗದಿರಬಹುದು, ಆದರೆ ಲೈಸೆನ್ಸ್ ಪಡೆದ ಮೇಲೆ ಮಾಡಿದ ಉಲ್ಲಂಘನೆಯನ್ನೂ ಲೈಸೆನ್ಸೇ ಇಲ್ಲದ ಕಾಲದ ಬಂಧನವನ್ನೂ ಒಂದೇ ಕಾಲಂನಲ್ಲಿ ಬರೆಯುವುದು ಬೇಡ.

ನಿಮ್ಮ ಮಕ್ಕಳ ವಿಷಯಕ್ಕೆ ಬರುತ್ತೇನೆ. ತಾಯಿಯಾಗಿ ನಿಮಗೆ ಮುಖ್ಯವಾದದ್ದು ಆ ಅಂಗಡಿ ಹಿಂದೆ ಯಾಕೆ ಸಿಕ್ಕಿಬಿದ್ದಿತ್ತು ಎಂಬುದು. ನಗರದ ಕ್ಲರ್ಕ್ ಕಚೇರಿಯಲ್ಲಿ ಕೇಳಿದರೆ ಆದೇಶದ ಪ್ರತಿ ಸಿಗುತ್ತದೆ, ಇವು ಸಾರ್ವಜನಿಕ ದಾಖಲೆಗಳು. ಅದರಲ್ಲಿ 21 ತುಂಬದವರಿಗೆ ಮಾರಿದ ವಿಷಯ ಇದ್ದರೆ ಆಮೇಲೆ ನಡೆದ ತಪಾಸಣೆಗಳಲ್ಲಿ ಪಾಸಾದರೇ ನೋಡಿ. ಈ ತಪಾಸಣೆಯಲ್ಲಿ ಅಧಿಕಾರಿಗಳು 21 ತುಂಬದ ಒಬ್ಬರನ್ನು ಗ್ರಾಹಕರಂತೆ ಒಳಗೆ ಕಳಿಸುತ್ತಾರೆ. ಐಡಿ ನೋಡಿ ವಾಪಸ್ ಕಳಿಸಿದರೆ ಪಾಸು. ಪಾಸಾದದ್ದೂ ಕಡತದಲ್ಲಿ ದಾಖಲಾಗಿ ಶಿಕ್ಷೆ ತಗ್ಗಿಸುವ ಕಾರಣವಾಗಬೇಕು ಎಂದು ಸಭೆಯಲ್ಲಿ ಹೇಳಿ. ಬರೀ ತಪ್ಪುಗಳನ್ನೇ ಬರೆದಿಡುವ ಊರಿನಲ್ಲಿ ತಿದ್ದಿಕೊಂಡ ಅಂಗಡಿ ಯಾವುದು ಎಂದು ಗೊತ್ತಾಗುವುದೇ ಇಲ್ಲ.

ಗ್ರೀನ್ ಕಾರ್ಡ್ ಬಗ್ಗೆ: ಕೌನ್ಸಿಲ್ ಸಭೆಯಲ್ಲಿ ಅಭಿಪ್ರಾಯ ಹೇಳಲು ಪೌರತ್ವ ಬೇಕಿಲ್ಲ, ನಿಶ್ಚಿಂತೆಯಿಂದ ಮಾತಾಡಿ. ಎಚ್ಚರ ಬೇಕಾದದ್ದು ಬೇರೆ ಕಡೆ. ಕೊಲರಾಡೋ ಏನೇ ಹೇಳಿದರೂ ಫೆಡರಲ್ ಕಾನೂನಿನಲ್ಲಿ ಗಾಂಜಾ ನಿಯಂತ್ರಿತ ವಸ್ತು. ಇಂಥ ವ್ಯಾಪಾರದಲ್ಲಿ ಕೆಲಸ ಮಾಡಿದ್ದೂ ಪೌರತ್ವದ ಅರ್ಜಿಗೆ ಅಡ್ಡಿಯಾಗಬಹುದು ಎಂದು ವಲಸೆ ಇಲಾಖೆ 2019ರ ಏಪ್ರಿಲ್‌ನಲ್ಲಿ ಲಿಖಿತವಾಗಿಯೇ ತಿಳಿಸಿದೆ. ನಾನೂ ಪೌರತ್ವ ಸಿಕ್ಕ ಮೇಲೆಯೇ ಈ ಅಂಗಡಿಗಳ ಕೆಲಸ ಒಪ್ಪಿಕೊಂಡದ್ದು. ನಿಮ್ಮ ಮನೆಯಲ್ಲಿ ಯಾರಾದರೂ ಅಲ್ಲಿ ಪಾರ್ಟ್ ಟೈಮ್ ಕೆಲಸಕ್ಕೆ ಸೇರುವ, ಇಲ್ಲವೇ ಸ್ನೇಹಿತರ ಅಂಗಡಿಗೆ ಹಣ ಹಾಕುವ ಯೋಚನೆಯಲ್ಲಿದ್ದರೆ ಮೊದಲು ಇಮಿಗ್ರೇಷನ್ ವಕೀಲರನ್ನು ಕೇಳಿ. ಕೌನ್ಸಿಲ್‌ನ ಕರಡು ಸಿಕ್ಕಿದ್ದರೆ ಅದರಲ್ಲಿ ಹಿಂದಿನ ಉಲ್ಲಂಘನೆಗಳ ಬಗ್ಗೆ ಇರುವ ಪ್ಯಾರಾವನ್ನು ಇಲ್ಲೇ ಕಾಮೆಂಟ್‌ನಲ್ಲಿ ಹಾಕಿ, ಯಾವ ಸಾಲು ತಿದ್ದಿಸಬೇಕು ಎಂದು ಬರೆಯುತ್ತೇನೆ.